ಅಪ್ಪಯ್ಯನ ಕೆಲಸ

ಅಪ್ಪಯ್ಯ ತೀರಿಕೊಂಡ ಇಪ್ಪತ್ತನೆಯ ದಿನ ನಾನೂ ತಮ್ಮನೂ ಡೊಂಬಿವಲಿಯ ಮನೆಯಲ್ಲಿ ಅವರ ಕಬ್ಬಿಣದ ಟ್ರಂಕನ್ನು ತೆರೆದೆವು. ಮಾಟುಂಗಾದ ರೈಲ್ವೆ ಕಾರ್ಯಾಗಾರದಲ್ಲಿ ಮೂವತ್ತನಾಲ್ಕು ವರ್ಷ ಬೋಗಿಗಳ ದುರಸ್ತಿ ಮಾಡಿ 1996ರಲ್ಲಿ ನಿವೃತ್ತರಾದವರು ಅವರು. ಟ್ರಂಕಿನ ತಳದಲ್ಲಿ, ಅಮ್ಮನ ಧಾರೆ ಸೀರೆಯ ಕೆಳಗೆ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟ ಒಂದು ಕಡತ ಸಿಕ್ಕಿತು. ಅದರಲ್ಲಿ ಪಿಂಚಣಿ ಆದೇಶದ ಮೂಲಪ್ರತಿ, 2014ರಲ್ಲಿ ತೀರಿಕೊಂಡ ಅಮ್ಮನ ಮರಣಪತ್ರ ಮತ್ತು ಅಪ್ಪಯ್ಯ ತಾವೇ ತುಂಬಿ, ಇಲಾಖೆಗೆ ಸಲ್ಲಿಸಿ, ಮೊಹರು ಹಾಕಿಸಿಕೊಂಡಿದ್ದ ಒಂದು ಅರ್ಜಿಯ ನಕಲು ಇದ್ದವು. ಅರ್ಜಿಯಲ್ಲಿ ಮಗನ ಹೆಸರಿನ ಎದುರು ‘ಮಾನಸಿಕ ಅಸ್ವಸ್ಥ, ಅವಲಂಬಿತ’ ಎಂದು ಬರೆದಿತ್ತು; ಅವನ ಪರವಾಗಿ ಕುಟುಂಬ ಪಿಂಚಣಿ ಪಡೆದು ನೋಡಿಕೊಳ್ಳಬೇಕಾದವರು ಎಂಬಲ್ಲಿ ನನ್ನ ಹೆಸರಿತ್ತು. ಈ ವಿಷಯವನ್ನು ಅವರು ನಮ್ಮಿಬ್ಬರಿಗೂ ಹೇಳಿರಲಿಲ್ಲ.

ಆ ಒಂದು ಹಾಳೆಯ ಬೆಲೆ ನನಗೆ ಆಮೇಲೆ ತಿಳಿಯಿತು. ಮನೋರೋಗದಿಂದ ದುಡಿಯಲಾರದ ಮಗನಿಗೋ ಮಗಳಿಗೋ ತಂದೆತಾಯಿಯ ನಂತರ ಜೀವಮಾನವಿಡೀ ಕುಟುಂಬ ಪಿಂಚಣಿ ಸಲ್ಲುತ್ತದೆ ಎಂಬುದು ರೈಲ್ವೆಯಲ್ಲೂ ಕೇಂದ್ರ ಸರ್ಕಾರದ ಇತರ ಇಲಾಖೆಗಳಲ್ಲೂ ಇರುವ ನಿಯಮ. ಹಣವನ್ನು ಯಾರ ಮೂಲಕ ಕೊಡಬೇಕು ಎಂಬುದನ್ನು ಪಿಂಚಣಿದಾರರು ಬದುಕಿರುವಾಗಲೇ ಬರೆದುಕೊಡಬಹುದು. ಹಾಗೆ ಬರೆದುಕೊಡದೆ ಹೋದರೆ ಉಳಿದವರು ಪೋಷಕತ್ವದ ಆದೇಶಕ್ಕಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಗಿ ಬರಬಹುದು. ನಮ್ಮಂಥ ಮನೆಗಳಲ್ಲಿ ಇನ್ನೂ ಬದುಕಿರುವ ತಂದೆತಾಯಿ ಯಾರಾದರೂ ಇದನ್ನು ಓದುತ್ತಿದ್ದರೆ, ದಯವಿಟ್ಟು ಆ ಹಾಳೆಯನ್ನು ಈ ವಾರವೇ ಬರೆದಿಡಿ.

ಪಿಂಚಣಿ ಕಚೇರಿಯವರು ಕೊಟ್ಟ ಪಟ್ಟಿಯಲ್ಲಿ ನಮ್ಮ ಬಳಿ ಇಲ್ಲದ್ದು ಒಂದೇ ಒಂದು ಕಾಗದ. ನನ್ನ ತಮ್ಮ ದುಡಿದು ಬದುಕಲು ಅಸಮರ್ಥ ಎಂದು ಸರ್ಕಾರಿ ವೈದ್ಯರು ಬರೆದುಕೊಡಬೇಕಾದ ಪ್ರಮಾಣಪತ್ರ ಅದು. ಅದನ್ನು ತರುವುದಕ್ಕೆ ನಮಗೆ ಸುಮಾರು ಮೂರು ತಿಂಗಳು ಹಿಡಿಯಿತು. ಆದರೆ ಆ ಮೂರು ತಿಂಗಳ ಕಥೆ ಅರ್ಥವಾಗಬೇಕಾದರೆ ಅದಕ್ಕೆ ಮುಂಚಿನ ಹದಿಮೂರು ದಿನಗಳನ್ನು ಹೇಳಬೇಕು.

ಅಪ್ಪಯ್ಯ ಹೋದದ್ದು 2022ರ ನವೆಂಬರ್‌ನಲ್ಲಿ, ಕಾರ್ತಿಕ ಬಹುಳದಲ್ಲಿ. ಹೆಣ ಇನ್ನೂ ಮನೆಯಲ್ಲಿರುವಾಗಲೇ ಬಂದ ಪ್ರಶ್ನೆ, ಕರ್ತೃ ಯಾರು, ಅಂದರೆ ಉತ್ತರಕ್ರಿಯೆಗೆ ಕೂರುವವರು ಯಾರು ಎಂಬುದು. ಇರುವ ಒಬ್ಬನೇ ಮಗನಿಗೆ ಇಪ್ಪತ್ತಾರು ವರ್ಷಗಳಿಂದ ಸ್ಕಿಝೋಫ್ರೇನಿಯಾ. ಊರಿನಿಂದ ಫೋನಿನಲ್ಲಿ ಮಾತನಾಡಿದ ಚಿಕ್ಕಪ್ಪಯ್ಯ, ಮಗನ ಕೈಯಿಂದ ದರ್ಭೆ ಕೊಡಿಸಿ ದೊಡ್ಡಪ್ಪನ ಮಗನಿಂದ ಮಾಡಿಸಿಬಿಡಿ, ನಡುವೆ ಎದ್ದು ಹೋದರೆ ಏನು ಗತಿ, ಎಂದರು. ಅವರ ಮಾತಿನಲ್ಲಿ ಕೆಡುಕು ಇರಲಿಲ್ಲ. ಕಳೆದ ಇಪ್ಪತ್ತಾರು ವರ್ಷಗಳಲ್ಲಿ ಅವನು ನಡುವೆ ಎದ್ದು ಹೋದದ್ದನ್ನು ಅವರೂ ನೋಡಿದ್ದರು. ನನಗೂ ಅದೇ ಸರಿ ಎನ್ನಿಸಿತ್ತು ಎಂಬುದನ್ನು ಇಲ್ಲಿ ಮರೆಮಾಚುವುದಿಲ್ಲ.

ಬೇಡವೆಂದವರು ಭಟ್ಟರು. ಕುಂದಾಪುರದ ಕಡೆಯಿಂದ ಬಂದು ನಲವತ್ತು ವರ್ಷಗಳಿಂದ ಡೊಂಬಿವಲಿ, ಠಾಣೆ, ಮುಲುಂಡ್‌ಗಳ ನಮ್ಮವರ ಮನೆಗಳಲ್ಲಿ ಪೌರೋಹಿತ್ಯ ಮಾಡುತ್ತಿರುವ ಹಿರಿಯರು ಅವರು. ನಡುಮನೆಯ ಮೂಲೆಯಲ್ಲಿ ಗೋಡೆಗೆ ಒರಗಿ ಕುಳಿತಿದ್ದ ತಮ್ಮನ ಎದುರಿಗೆ ಹೋಗಿ ನೆಲದ ಮೇಲೆ ಕುಳಿತು, “ಮಾಣಿ, ಅಪ್ಪಯ್ಯನ ಕೆಲಸ ನೀನೇ ಮಾಡ್ತೀಯಾ?” ಎಂದು ಕೇಳಿದರು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಮಾಡ್ತೆ” ಎಂದ. ನಲವತ್ತೇಳು ವರ್ಷದವನನ್ನು ಅವರು ಮಾಣಿ ಎಂದು ಕರೆದದ್ದು ನನ್ನ ಕಿವಿಯಲ್ಲಿ ಇಂದಿಗೂ ಇದೆ. ಭಟ್ಟರು ನನ್ನ ಕಡೆ ತಿರುಗಿ, “ಮಂತ್ರ ನಾನು ನಿಧಾನ ಹೇಳ್ತೆ. ಅವನಿಗೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು” ಎಂದರು.

ತಮ್ಮ ತೆಗೆದುಕೊಳ್ಳುವುದು ಕ್ಲೋಝಪಿನ್ ಎಂಬ ಮಾತ್ರೆ. ಬೇರೆ ಔಷಧಗಳು ಹಿಡಿಯದೆ ಹೋದವರಿಗೆ ಕೊಡುವ ಮಾತ್ರೆ ಇದು. ರಕ್ತದಲ್ಲಿನ ಬಿಳಿಕಣಗಳು ಅಪಾಯದ ಮಟ್ಟಕ್ಕೆ ಕುಸಿಯುವ ಸಂಭವವಿರುವುದರಿಂದ, ಮೊದಲ ತಿಂಗಳುಗಳಲ್ಲಿ ವಾರವಾರವೂ ಆಮೇಲೆ ಅಂತರ ಹೆಚ್ಚಿಸುತ್ತಲೂ ರಕ್ತ ಪರೀಕ್ಷೆ ಮಾಡಿಸುತ್ತಿರಬೇಕು. ರಾತ್ರಿ ಬಾಯಿಂದ ಜೊಲ್ಲು ಸುರಿದು ದಿಂಬು ಒದ್ದೆಯಾಗುತ್ತದೆ. ಅಪ್ಪಯ್ಯ ಪ್ರತಿರಾತ್ರಿ ಅವನ ದಿಂಬಿನ ಮೇಲೆ ಹಳೆಯ ಪಂಚೆಯ ತುಂಡು ಹಾಸುತ್ತಿದ್ದರು. ಬೆಳಿಗ್ಗೆ ಹತ್ತಕ್ಕೆ ಮುಂಚೆ ಅವನಿಗೆ ಕಣ್ಣು ಬಿಡಲು ಆಗುವುದಿಲ್ಲ. ಅಂಥವನು ಐದಕ್ಕೆ ಎದ್ದು ತಣ್ಣೀರು ಮೀಯಬೇಕಿತ್ತು. ಅವನ ಮನೋವೈದ್ಯರಿಗೆ ಫೋನ್ ಮಾಡಿ ಕೇಳಿದೆ. ಅವರು ರಾತ್ರಿಯ ಮಾತ್ರೆಯನ್ನು ಎರಡು ಗಂಟೆ ಮುಂಚೆ ಕೊಡಲು ಹೇಳಿ, ಯಾವ ಕಾರಣಕ್ಕೂ ಒಂದು ದಿನವೂ ತಪ್ಪಿಸಬೇಡಿ ಎಂದರು. ಕರ್ಮದ ದಿನಗಳಲ್ಲಿ ಮಾತ್ರೆ ನುಂಗಬಹುದೇ ಎಂದು ಭಟ್ಟರನ್ನು ಕೇಳಿದಾಗ, ರೋಗಿಯ ಪಾಲಿಗೆ ಔಷಧವೇ ಗಂಗೋದಕ, ವೈದ್ಯನೇ ನಾರಾಯಣ ಎಂಬ ಶ್ಲೋಕ ಇರುವುದು ಇಂಥ ದಿನಗಳಿಗೇ ಅಲ್ಲವೇ ಎಂದು ಅವರು ನನ್ನನ್ನೇ ಮರುಪ್ರಶ್ನಿಸಿದರು.

ಈ ಮಾತಿನ ಬೆಲೆ ನನಗೆ ಗೊತ್ತಿತ್ತು, ಏಕೆಂದರೆ ಇದಕ್ಕೆ ವಿರುದ್ಧವಾದ ಮಾತನ್ನು ನಾವು ಹಿಂದೊಮ್ಮೆ ಕೇಳಿ ನಂಬಿದ್ದೆವು. ತಮ್ಮನಿಗೆ ಕಾಯಿಲೆ ಶುರುವಾದದ್ದು 1996ರಲ್ಲಿ, ಬಿ.ಕಾಂ. ಕೊನೆಯ ವರ್ಷದಲ್ಲಿ. ಅಮ್ಮ ಕುಕ್ಕೆಯಲ್ಲಿ ಆಶ್ಲೇಷಾ ಬಲಿ ಮಾಡಿಸಿದಳು, ಕೊಲ್ಲೂರಿನಲ್ಲಿ ಹರಕೆ ಹೊತ್ತಳು, ವರ್ಷಗಟ್ಟಲೆ ಶುಕ್ರವಾರದ ಉಪವಾಸ ಹಿಡಿದಳು. ಅವುಗಳಲ್ಲಿ ಯಾವುದರಿಂದಲೂ ತಮ್ಮನಿಗೆ ಕೆಡುಕಾಗಲಿಲ್ಲ; ಆ ಪ್ರಯಾಣಗಳು ಅವನಿಗೆ ಇಷ್ಟವೂ ಆಗಿದ್ದವು. ಆದರೆ 2001ರ ಬೇಸಿಗೆಯಲ್ಲಿ ಒಂದು ಕ್ಷೇತ್ರದಲ್ಲಿ, ದೇವರ ಕೆಲಸ ನಡೆಯಬೇಕಾದರೆ ಇಂಗ್ಲಿಷ್ ಔಷಧ ನಿಲ್ಲಿಸಬೇಕು ಎಂದು ಹೇಳಿದರು. ನಿಲ್ಲಿಸಿದೆವು. ಐದು ವಾರಗಳಲ್ಲಿ ಅವನು ನಿದ್ದೆ ಬಿಟ್ಟು, ಊಟದಲ್ಲಿ ವಿಷವಿದೆ ಎಂದು ತಟ್ಟೆ ಎಸೆಯುವ ಸ್ಥಿತಿಗೆ ಬಂದ. ಆಗ ಅಲ್ಲಿಯವರು, ಅವನನ್ನು ನಮ್ಮಲ್ಲೇ ಒಂದು ಮಂಡಲ ಬಿಟ್ಟುಹೋಗಿ ಎಂದರು. ಅಮ್ಮ ಬಟ್ಟೆಯ ಚೀಲವನ್ನೂ ಕಟ್ಟಿದ್ದಳು.

ಅದೇ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಬೆಂಕಿ ಬಿದ್ದಿತು. ದರ್ಗಾದ ಆಸುಪಾಸಿನಲ್ಲಿ ನಡೆಯುತ್ತಿದ್ದ ಒಂದು ಖಾಸಗಿ ಆಶ್ರಯದಲ್ಲಿ ಸರಪಳಿ ಬಿಗಿದು ಮಲಗಿಸಿದ್ದ ಮನೋರೋಗಿಗಳು ಓಡಲಾರದೆ ಸುಟ್ಟುಹೋದರು. ಸತ್ತವರ ಸಂಖ್ಯೆ ಕೊನೆಗೆ 28 ಆಯಿತು. ಅಪ್ಪಯ್ಯ ಪತ್ರಿಕೆಯನ್ನು ಓದಿ, ಮಡಚಿ, ಅಮ್ಮ ಕಟ್ಟಿದ್ದ ಚೀಲವನ್ನು ಬಿಚ್ಚಿ ಬಟ್ಟೆಗಳನ್ನು ಒಂದೊಂದಾಗಿ ಕಪಾಟಿನಲ್ಲಿ ಇಟ್ಟರು. ಮರುದಿನ ಅವನನ್ನು ಆಸ್ಪತ್ರೆಗೆ ಸೇರಿಸಿದರು. ಮನೋರೋಗಿಗಳನ್ನು ಸರಪಳಿಯಲ್ಲಿ ಕಟ್ಟುವುದನ್ನು ಯಾವುದೇ ರೀತಿಯಲ್ಲೂ ಮಾಡಕೂಡದು ಎಂದು ಕಾನೂನಿನಲ್ಲಿ ಸ್ಪಷ್ಟವಾಗಿ ಬರೆದದ್ದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯಲ್ಲಿ. ಅಪ್ಪಯ್ಯ ಆಮೇಲೂ ಮೊದಲಿನಂತೆಯೇ ಏಕಾದಶಿ ಮಾಡುತ್ತಿದ್ದರು, ಸಾಂತಾಕ್ರೂಜ್‌ನ ಪೇಜಾವರ ಮಠಕ್ಕೆ ಹೋಗಿಬರುತ್ತಿದ್ದರು. ಅವರ ಭಕ್ತಿಗೂ ಆ ನಿರ್ಧಾರಕ್ಕೂ ನಡುವೆ ಯಾವ ಜಗಳವೂ ನನಗೆ ಕಾಣಿಸಲಿಲ್ಲ.

ಹದಿಮೂರು ದಿನವೂ ತಮ್ಮ ಕುಳಿತ. ಔಷಧಿಯಿಂದಾದ ನಡುಕದ ಕೈಯಲ್ಲಿ ಎಳ್ಳುನೀರು ಬಿಡುವಾಗ ಅರ್ಧ ನೀರು ಮೊಣಕಾಲಿನ ಮೇಲೆ ಬೀಳುತ್ತಿತ್ತು. ಭಟ್ಟರು ಮತ್ತೊಮ್ಮೆ ಬಿಡಿಸುತ್ತಿದ್ದರು. ಜನಿವಾರವನ್ನು ಎಡಭುಜದಿಂದ ಬಲಭುಜಕ್ಕೆ, ಮತ್ತೆ ಬಲದಿಂದ ಎಡಕ್ಕೆ ಬದಲಿಸುವಲ್ಲಿ ಅವನು ಒಮ್ಮೆಯೂ ತಪ್ಪಲಿಲ್ಲ. ನೋಡುತ್ತಿದ್ದ ನಾನೇ ಎಷ್ಟೋ ಸಲ ಗೊಂದಲಗೊಂಡೆ. ಅಸ್ಥಿ ಬಿಡಲು ಕಲ್ಯಾಣದಲ್ಲಿ ತಪೋವನ ಎಕ್ಸ್‌ಪ್ರೆಸ್ ಹಿಡಿದು ನಾಸಿಕಕ್ಕೆ ಹೋದ ದಿನ, ಕಸಾರಾ ಘಾಟಿಯ ಸುರಂಗಗಳ ಕತ್ತಲೆಯಲ್ಲಿ ಅವನು ಮಡಿಕೆಯನ್ನು ಎರಡೂ ಕೈಯಿಂದ ಎದೆಗೆ ಒತ್ತಿಕೊಂಡು ಕುಳಿತಿದ್ದ. ರಾಮಕುಂಡದಲ್ಲಿ ನೀರಿಗಿಳಿದು ಬಿಟ್ಟಮೇಲೆ, “ಅಕ್ಕ, ಅಪ್ಪಯ್ಯನಿಗೆ ಸಾಕಾಯ್ತಾ?” ಎಂದು ಕೇಳಿದ. ಸಾಕಾಯ್ತು ಎಂದೆ. ನನಗೆ ಅಳು ಬರಲಿಲ್ಲ. ಅವನಿಗೂ ಬರಲಿಲ್ಲ. ಮುಖದಲ್ಲಿ ಭಾವ ಮೂಡದಿರುವುದು ಅವನ ಕಾಯಿಲೆಯ ಲಕ್ಷಣವೆಂದು ವೈದ್ಯರು ಹಿಂದೆಯೇ ಹೇಳಿದ್ದರು. ನನ್ನದು ಯಾವುದರ ಲಕ್ಷಣವೆಂದು ಯೋಚಿಸಲು ಆಗ ಸಮಯವಿರಲಿಲ್ಲ.

ಇದಾದ ಮೇಲೆ ಪ್ರಮಾಣಪತ್ರದ ಓಡಾಟ. ಮನೋರೋಗವನ್ನೂ ಅಂಗವೈಕಲ್ಯವೆಂದು 1995ರ ಕಾಯಿದೆಯೇ ಒಪ್ಪಿತ್ತು. 2016ರ ಹೊಸ ಕಾಯಿದೆಯಲ್ಲಿ ಹೆಸರಿಸಿರುವ 21 ವೈಕಲ್ಯಗಳಲ್ಲಿ ಅದೂ ಒಂದು. ಅರ್ಜಿಯನ್ನು ‘ಸ್ವಾವಲಂಬನ್’ ಜಾಲತಾಣದಲ್ಲಿ ಸಲ್ಲಿಸಿ, ಆಧಾರ್, ಭಾವಚಿತ್ರ, ಚಿಕಿತ್ಸೆಯ ದಾಖಲೆಗಳೊಂದಿಗೆ ಗೊತ್ತುಮಾಡಿದ ದಿನ ಸರ್ಕಾರಿ ಆಸ್ಪತ್ರೆಗೆ ಹಾಜರಾಗಬೇಕು. ನಾನು ಆಗ ಮಹಾನಗರಪಾಲಿಕೆಯ ಕನ್ನಡ ಶಾಲೆಯೊಂದರಲ್ಲಿ ಶಿಕ್ಷಕಿಯಾಗಿದ್ದೆ. ಶಾಲೆಗೆ ರಜೆ ಹಾಕಿ ಹೋದೆ. ಮೊದಲ ದಿನ ನಾಲ್ಕು ಗಂಟೆ ಸಾಲಿನಲ್ಲಿ ನಿಂತಮೇಲೆ ಗುಮಾಸ್ತರು ತಮ್ಮನನ್ನು ಮೇಲಿನಿಂದ ಕೆಳಗೆ ನೋಡಿ, “ಇವರು ಚೆನ್ನಾಗಿಯೇ ಇದ್ದಾರಲ್ಲ?” ಎಂದರು. ಇಸ್ತ್ರಿ ಮಾಡಿದ ಅಂಗಿ ಹಾಕಿಸಿ, ತಲೆ ಬಾಚಿಸಿ ಕರೆದುಕೊಂಡು ಹೋಗಿದ್ದೆ. ತಪ್ಪು ಮಾಡಿದೆನೋ ಎಂಬ ಯೋಚನೆ ಆ ಕ್ಷಣದಲ್ಲಿ ಬಂದುಹೋಯಿತು. ಅಂಥ ಯೋಚನೆ ನನ್ನಲ್ಲಿ ಹುಟ್ಟಿತಲ್ಲ ಎಂಬ ಸಂಕಟ ಆ ಗುಮಾಸ್ತರ ಮಾತಿಗಿಂತ ಹೆಚ್ಚು ದಿನ ಉಳಿಯಿತು.

ಕಾಯಿಲೆ ಎಷ್ಟು ಹಳೆಯದೆಂದು ತೋರಿಸುವ ಕಾಗದಗಳಿಲ್ಲವೆಂದು ಅಂದು ನಮ್ಮನ್ನು ಹಿಂದಕ್ಕೆ ಕಳುಹಿಸಿದರು. 1996ರಿಂದ ಒಂಬತ್ತು ವರ್ಷಗಳ ಚೀಟಿಗಳೆಲ್ಲ 2005ರ ಜುಲೈ 26ರ ಮಳೆಯಲ್ಲಿ ಹೋಗಿದ್ದವು. ಅಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಸುರಿದದ್ದು ಎಲ್ಲರಿಗೂ ಗೊತ್ತು. ಕಲ್ಯಾಣ, ಡೊಂಬಿವಲಿಯ ಕಡೆಯ ನೆಲಮಹಡಿಯ ಮನೆಗಳ ಪಾಡೂ ಅಷ್ಟೇ ಆಗಿತ್ತು. ಅಪ್ಪಯ್ಯ ಅಂದಿನ ನಂತರದ ಚೀಟಿಗಳನ್ನು ಮಾತ್ರ ತಾರೀಖಿನ ಕ್ರಮದಲ್ಲಿ ಹೊಲಿದು ಅಟ್ಟದ ಮೇಲೆ ಇಟ್ಟಿದ್ದರು. ಹದಿನೇಳು ವರ್ಷಗಳ ಆ ಕಟ್ಟನ್ನು ಹೊತ್ತು ಎರಡನೆಯ ಸಲ ಹೋದೆವು.

ಈ ಬಾರಿ ಮನೋವೈದ್ಯರ ಎದುರು ಕುಳಿತೆವು. ಅವರು ಇನ್ನೂ ಚಿಕ್ಕ ವಯಸ್ಸಿನ ಹೆಣ್ಣುಮಗಳು. ತಾಳ್ಮೆಯಿಂದ, ಮರಾಠಿಯಲ್ಲಿ, ಮೊದಲು ತಮ್ಮನನ್ನೇ ಮಾತನಾಡಿಸಿದರು. ಮನೋರೋಗದ ವೈಕಲ್ಯವನ್ನು ಅಳೆಯಲು ‘ಐಡಿಯಾಸ್’ ಎಂಬ ಮಾಪಕವಿದೆ. ತನ್ನನ್ನು ತಾನು ನೋಡಿಕೊಳ್ಳುವುದು, ಇತರರೊಡನೆ ಸಂಬಂಧ, ಮಾತು ಮತ್ತು ಗ್ರಹಿಕೆ, ಕೆಲಸ — ಈ ನಾಲ್ಕು ವಿಭಾಗಗಳಿಗೆ ಸೊನ್ನೆಯಿಂದ ನಾಲ್ಕರವರೆಗೆ ಅಂಕ. ಕಾಯಿಲೆ ಎಷ್ಟು ವರ್ಷದ್ದು ಎಂಬುದಕ್ಕೆ ಒಂದರಿಂದ ನಾಲ್ಕು. ಹತ್ತು ವರ್ಷ ದಾಟಿದ್ದರೆ ಪೂರ್ತಿ ನಾಲ್ಕು. ಒಟ್ಟು 20. ಏಳು ಅಂಕ ಮುಟ್ಟಿದರೆ ನೂರಕ್ಕೆ ನಲವತ್ತರ ವೈಕಲ್ಯ. ಅದಕ್ಕಿಂತ ಕಡಿಮೆಯಾದರೆ ಬಹುತೇಕ ಸೌಲಭ್ಯಗಳು ಸಿಗುವುದಿಲ್ಲ. ಮೂವತ್ತು ವರ್ಷ ಮಕ್ಕಳಿಗೆ ಅಂಕ ಹಾಕಿದವಳು ನಾನು. ಬರಲಿಲ್ಲ, ತಿಳಿಯಲಿಲ್ಲ, ಆಗಲಿಲ್ಲ ಎಂಬುದಕ್ಕೆ ಹೆಚ್ಚು ಅಂಕ ಬೀಳುವ ಪರೀಕ್ಷೆಯಲ್ಲಿ ಒಬ್ಬರ ಪಕ್ಕದಲ್ಲಿ ಕುಳಿತು ಉತ್ತರ ಹೇಳಿಕೊಟ್ಟದ್ದು ಅದೇ ಮೊದಲು.

ಸ್ನಾನಕ್ಕೆ ಹೇಳಬೇಕಾಗುತ್ತದೆಯೇ? ಹೇಳಬೇಕು. ಸ್ನೇಹಿತರಿದ್ದಾರೆಯೇ? ಇಲ್ಲ. ಹಣದ ಲೆಕ್ಕ ಇಡುತ್ತಾರೆಯೇ? ಇಲ್ಲ. ಒಬ್ಬರೇ ರೈಲಿನಲ್ಲಿ ಹೋಗಿಬರುತ್ತಾರೆಯೇ? ಇಲ್ಲ. ಪ್ರತಿಯೊಂದು ಇಲ್ಲವೂ ನಿಜ. ಪ್ರತಿಯೊಂದನ್ನೂ ಅವನು ನನ್ನ ಎಡಗಡೆಯಲ್ಲಿ ಕುಳಿತು ಕೇಳಿಸಿಕೊಳ್ಳುತ್ತಿದ್ದ. ಅವನನ್ನು ಹೊರಗೆ ಕೂರಿಸಬಹುದಿತ್ತಲ್ಲ ಎಂದು ಆಮೇಲೆ ಅನ್ನಿಸಿದೆ. ಅವನ ಬೆನ್ನ ಹಿಂದೆ ಹೇಳುವುದು ಅದಕ್ಕಿಂತ ಒಳ್ಳೆಯದಾಗುತ್ತಿತ್ತೇ ಎಂಬುದಕ್ಕೆ ನನ್ನಲ್ಲಿ ಉತ್ತರವಿಲ್ಲ.

ಕೊನೆಗೆ ವೈದ್ಯರು ಅವನನ್ನೇ, ಈಚೆಗೆ ಏನಾದರೂ ಕೆಲಸ ಮಾಡಿದ್ದೀರಾ ಎಂದು ಕೇಳಿದರು. ಅವನು ತಲೆ ಎತ್ತಿ, “ಬಾಬಾಂಚಂ ಕಾಮ್ ಕೇಲಂ” ಎಂದ. ಭಟ್ಟರು ಆಡಿದ್ದ ಮಾತನ್ನೇ ಅವನು ಮರಾಠಿಗೆ ತಿರುಗಿಸಿದ್ದ. ಅಪ್ಪಯ್ಯನ ಕೆಲಸ ಮಾಡಿದೆ. ವೈದ್ಯರು, ತಂದೆಯ ಅಂಗಡಿಯೋ ಕಾರ್ಖಾನೆಯೋ ಇದೆಯೇ, ಎಷ್ಟು ದಿನ ಹೋದಿರಿ ಎಂದು ಕೇಳಿದರು. “ಹದಿಮೂರು ದಿನ” ಎಂದ ತಮ್ಮ. ಅವರ ಲೇಖನಿ ಕಾಗದಕ್ಕೆ ತಾಗುವುದರೊಳಗೆ ನಾನು ಅಡ್ಡ ಬಾಯಿ ಹಾಕಿದೆ. ಅದು ಕೆಲಸವಲ್ಲ ಡಾಕ್ಟರ್, ತಂದೆಯ ಉತ್ತರಕ್ರಿಯೆ, ಎಂದೆ.

ನಾನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಆದರೆ ಅದು ಕೆಲಸವಲ್ಲ ಎಂಬ ಮಾತು ನನ್ನ ಬಾಯಿಂದ ಹೊರಬಿದ್ದಾಗ ತಮ್ಮ ನನ್ನ ಕಡೆ ನೋಡಿದ. ಅವನು ಯಾರ ಮುಖವನ್ನೂ ಹಾಗೆ ನೇರವಾಗಿ ನೋಡುವುದು ಅಪರೂಪ. ವೈದ್ಯರು ಲೇಖನಿ ಕೆಳಗಿಟ್ಟು, ಬೆಳಿಗ್ಗೆ ಎಷ್ಟಕ್ಕೆ ಏಳುತ್ತಿದ್ದಿರಿ, ಯಾರು ಎಬ್ಬಿಸುತ್ತಿದ್ದರು, ಏನೇನು ಮಾಡುತ್ತಿದ್ದಿರಿ ಎಂದು ವಿಚಾರಿಸಿದರು. ಅವನು ಹೇಳಿದ. ಮೊದಲೆರಡು ದಿನ ಅಕ್ಕ ಎಬ್ಬಿಸಿದಳು, ಆಮೇಲೆ ನಾನೇ ಅಲಾರಂ ಇಟ್ಟೆ ಎಂದ. ಅಷ್ಟು ಉದ್ದದ ಮಾತನ್ನು ಅವನು ಅಪರಿಚಿತರ ಎದುರು ಆಡಿ ಎಷ್ಟು ವರ್ಷಗಳಾಗಿದ್ದವೋ. ವೈದ್ಯರು ಸಂತೋಷದಿಂದ ತಲೆಯಾಡಿಸಿ, ಮೊದಲ ವಿಭಾಗದಲ್ಲಿ ಬರೆದಿದ್ದ ಅಂಕವನ್ನು ಹೊಡೆದು ಒಂದು ಕಡಿಮೆ ಮಾಡಿದರು. ನನ್ನ ಎದೆ ಧಸಕ್ಕೆಂದಿತು. ಮನಸ್ಸಿನಲ್ಲೇ ಕೂಡಿಸತೊಡಗಿದೆ, ಏಳಕ್ಕಿಂತ ಕೆಳಗೆ ಇಳಿಯಲಿಲ್ಲ ತಾನೇ, ನಲವತ್ತು ಮುಟ್ಟುತ್ತದೆ ತಾನೇ. ತಮ್ಮ ತನ್ನ ಬದುಕಿನ ಅತ್ಯಂತ ಕಷ್ಟದ ಕೆಲಸವನ್ನು ಮುಗಿಸಿ ಅದನ್ನು ವಿವರಿಸುತ್ತಿದ್ದಾಗ, ಅದರಿಂದ ಅವನ ಅನ್ನಕ್ಕೆ ಕುತ್ತು ಬಂದೀತೆಂದು ನಾನು ಲೆಕ್ಕ ಹಾಕುತ್ತಿದ್ದೆ. ಈ ಪ್ರಮಾಣಪತ್ರದ ದಾರಿಯಲ್ಲಿ ನನಗೆ ಎದುರಾದ ಎಲ್ಲಕ್ಕಿಂತ ಕಠಿಣವಾದದ್ದು ಆ ಅರ್ಧ ನಿಮಿಷ.

ಒಟ್ಟು ಅಂಕ ಎಷ್ಟಾಯಿತು, ಶೇಕಡಾ ಎಷ್ಟೆಂದು ಬರೆದರು ಎಂಬುದನ್ನು ನಾನು ಇಲ್ಲಿ ಹೇಳುವುದಿಲ್ಲ. ಅದು ಅವನಿಗೆ ಸೇರಿದ ವಿಷಯ. ಪಿಂಚಣಿಗೆ ಸಾಕಾಗುವಷ್ಟು ಇತ್ತು.

ಆ ರಾತ್ರಿ ಮೊದಲ ಬಾರಿಗೆ ಅತ್ತೆ. ಅಡುಗೆಮನೆಯ ಕಟ್ಟೆ ಹಿಡಿದುಕೊಂಡು, ನಲ್ಲಿ ತಿರುಗಿಸಿ ಬಿಟ್ಟು, ಯಾರಿಗೂ ಕೇಳದಂತೆ ಅತ್ತೆ, ನಿಲ್ಲಿಸಲು ಆಗಲಿಲ್ಲ. ಆಮೇಲಿನ ವಾರಗಳಲ್ಲಿ ನಿದ್ದೆ ಹೋಯಿತು, ಶಾಲೆಯಲ್ಲಿ ಮಕ್ಕಳ ಹೆಸರುಗಳು ಮರೆಯತೊಡಗಿದವು, ದೇವರ ಮುಂದೆ ದೀಪ ಹಚ್ಚಿ ಬಾಯಿಗೆ ಒಂದು ಸ್ತೋತ್ರವೂ ಬಾರದೆ ನಿಂತಿರುತ್ತಿದ್ದೆ. ಒಂದು ರಾತ್ರಿ ಎರಡು ಗಂಟೆಗೆ 14416ಕ್ಕೆ ಕರೆ ಮಾಡಿದೆ. ‘ಟೆಲಿ ಮಾನಸ್’ ಎಂಬ ಆ ಸರ್ಕಾರಿ ಸಹಾಯವಾಣಿ 2022ರ ಅಕ್ಟೋಬರ್‌ನಲ್ಲಷ್ಟೇ ಶುರುವಾಗಿತ್ತು. ಹಗಲಿರುಳೂ ಇರುತ್ತದೆ, ಹಣ ಕೊಡಬೇಕಾಗಿಲ್ಲ. ಆ ಕಡೆಯಿದ್ದವರು ಹೆಚ್ಚೇನೂ ಹೇಳಲಿಲ್ಲ. ನಿಮ್ಮ ತಮ್ಮನ ಬಗ್ಗೆ ಇಪ್ಪತ್ತು ನಿಮಿಷ ಹೇಳಿದಿರಿ, ಈಗ ನಿಮ್ಮ ತಂದೆಯ ಬಗ್ಗೆ ಹೇಳಿ ಎಂದರು. ಆಗ ತಿಳಿಯಿತು, ಸಾವಿನ ದಿನದಿಂದ ನಾನು ಅಪ್ಪಯ್ಯನ ವಿಷಯವನ್ನು ಕಾಗದಗಳ ಮೂಲಕವಲ್ಲದೆ ಮಾತನಾಡಿಯೇ ಇರಲಿಲ್ಲ.

ಪಿಂಚಣಿಯ ಮುಂದಿನ ಹಂತಗಳಲ್ಲಿ ಹೇಳುವಂಥದ್ದೇನಿಲ್ಲ. ಪ್ರಮಾಣಪತ್ರ, ಅಪ್ಪಯ್ಯನ ಅರ್ಜಿಯ ನಕಲು, ವರಮಾನವಿಲ್ಲವೆಂಬ ಘೋಷಣೆ, ತಮ್ಮನ ಹೆಸರಿನ ಬ್ಯಾಂಕ್ ಖಾತೆ — ಎಲ್ಲವನ್ನೂ ಕೊಟ್ಟೆವು. ಎರಡು ಬಾರಿ ಆಕ್ಷೇಪಣೆ ಬಂದು ಸರಿಪಡಿಸಿದೆವು. 2023ರ ಜೂನ್‌ನಲ್ಲಿ ಹಿಂಬಾಕಿಯೊಂದಿಗೆ ಮೊದಲ ಕಂತು ಬಂತು.

ಅಪ್ಪಯ್ಯನ ಮಾಸಿಕಗಳನ್ನು, ಅಂದರೆ ತಿಂಗಳು ತಿಂಗಳಿನ ಶ್ರಾದ್ಧಗಳನ್ನು, ತಮ್ಮನೇ ಮಾಡಿಕೊಂಡು ಬಂದ. ಪಂಚಾಂಗ ನೋಡುವುದನ್ನು ಅವನು ಅಮ್ಮನಿಂದ ಚಿಕ್ಕಂದಿನಲ್ಲೇ ಕಲಿತಿದ್ದ. ಆ ವರ್ಷ ಅಧಿಕ ಶ್ರಾವಣ ಬಂದಿರುವುದರಿಂದ ಒಂದು ಮಾಸಿಕ ಹೆಚ್ಚಿಗೆ ಮಾಡಬೇಕೆಂದು ನನಗೆ ನೆನಪಿಸಿದವನು ಅವನೇ. ಭಟ್ಟರಿಗೆ ಫೋನ್ ಮಾಡಿದಾಗ, ಮಾಣಿ ಹೇಳಿದ್ದು ಸರಿ ಎಂದರು.

ವರ್ಷಾಂತಿಕ ಬಂದದ್ದು ಡಿಸೆಂಬರ್‌ನಲ್ಲಿ. ಅದಕ್ಕೆ ಎರಡು ದಿನ ಮುಂಚೆ ಅಂಚೆಯಲ್ಲಿ ಅವನ ಅಂಗವೈಕಲ್ಯದ ಗುರುತಿನ ಚೀಟಿ ಬಂತು. ಪ್ಲಾಸ್ಟಿಕ್ಕಿನ ಚೀಟಿ, ಹಳದಿ ಪಟ್ಟಿಯದು. ನಲವತ್ತರಿಂದ ಎಂಬತ್ತರೊಳಗಿನ ವೈಕಲ್ಯಕ್ಕೆ ಆ ಬಣ್ಣ. ನಾನು ದರ್ಭೆ, ಎಳ್ಳು, ಬಾಳೆಲೆಗಳ ಪಟ್ಟಿ ಮಾಡುತ್ತಿದ್ದೆ. ಅವನು ಲಕೋಟೆಯನ್ನು ಒಡೆದು, ಕಿಟಕಿಯ ಬಳಿ ನಿಂತು, ಚೀಟಿಯ ಎರಡೂ ಬದಿಗಳನ್ನು ನಿಧಾನವಾಗಿ ಓದಿದ.

“ಅಕ್ಕ, ಶ್ರಾದ್ಧಕ್ಕೆ ಕೂರುವಾಗ ಇದನ್ನು ಭಟ್ಟರಿಗೆ ತೋರಿಸಬೇಕಾ?” ಎಂದ.

ಬೇಡ ಎಂದೆ. ಅವನು ಚೀಟಿಯನ್ನು ನನ್ನ ಕೈಗೆ ಕೊಟ್ಟು, ಐದು ಗಂಟೆಗೆ ಅಲಾರಂ ಇಡಲು ಒಳಗೆ ಹೋದ.